ಗೂಬೆಗೂ ಬೆಕ್ಕಿಗೂ ಮದುವೆ ಮಾಡಿಸಿದವನು

ನಾನು ಪ್ರಾಥಮಿಕ ಶಾಲೆಯಲ್ಲಿ ಇಂಗ್ಲಿಷ್ ಕಲಿಸುತ್ತಿದ್ದ ಕಾಲದಲ್ಲಿ ಮಕ್ಕಳು ಮತ್ತೆ ಮತ್ತೆ ಕೇಳಿ ಓದಿಸಿಕೊಳ್ಳುತ್ತಿದ್ದ ಒಂದು ಪದ್ಯವಿತ್ತು. ಒಂದು ಗೂಬೆ, ಒಂದು ಬೆಕ್ಕು ಹಸಿರು ದೋಣಿ ಹತ್ತಿ ಸಮುದ್ರದ ಮೇಲೆ ಹೊರಡುತ್ತವೆ. ಜೊತೆಗೆ ಬುತ್ತಿಯೆಂದು ಜೇನುತುಪ್ಪ, ಖರ್ಚಿಗೆ ದುಡ್ಡು. ಗೂಬೆ ಗಿಟಾರ್ ಹಿಡಿದು ಹಾಡುತ್ತದೆ. ಇಬ್ಬರಿಗೂ ಮದುವೆಯಾಗುವ ಆಸೆ, ಆದರೆ ಉಂಗುರಕ್ಕೇನು ಮಾಡುವುದು? ವರ್ಷವಿಡೀ ತೇಲಿದ ಮೇಲೆ ಒಂದು ಕಾಡಿನಲ್ಲಿ ಹಂದಿಯೊಂದು ಸಿಗುತ್ತದೆ. ಅದರ ಮೂಗಿನಲ್ಲಿದ್ದ ಬಳೆಯನ್ನೇ ಕೊಂಡು, ಟರ್ಕಿ ಕೋಳಿಯ ಪೌರೋಹಿತ್ಯದಲ್ಲಿ ಮದುವೆ ಮುಗಿಸಿ, ಬೆಳದಿಂಗಳಲ್ಲಿ ಕುಣಿಯುತ್ತವೆ.

"ಹಂದಿ ಮೂಗುತಿ ಮಾರಿಬಿಡ್ತು!" ಎಂದು ಒಂದು ವರ್ಷ ನನ್ನ ತರಗತಿಯ ಹುಡುಗನೊಬ್ಬ ಕೂಗಿದಾಗ ಇಡೀ ಕ್ಲಾಸು ಬಿದ್ದು ಬಿದ್ದು ನಕ್ಕಿತ್ತು. ಮೂರನೇ ಬೆಂಚಿನಲ್ಲಿ ಕಿಟಕಿಯ ಪಕ್ಕ ಕೂರುತ್ತಿದ್ದ ಹುಡುಗ. ಅದಾದ ಕೆಲವೇ ದಿನಗಳಲ್ಲಿ ಅವನು ತರಗತಿಯಲ್ಲೇ ಫಿಟ್ಸ್ ಬಂದು ಬಿದ್ದ. ಮಕ್ಕಳು ಕಿರುಚಿಕೊಂಡು ಗೋಡೆಗೆ ಸರಿದರು. ಯಾರೋ ಓಡಿಹೋಗಿ ಬೀಗದ ಕೈ ಗೊಂಚಲು ತಂದು ಅವನ ಮುಷ್ಟಿಗೆ ತುರುಕಿದರು. ನಾನು ಏನೂ ತೋಚದೆ ನಿಂತಿದ್ದೆ. ಸಂಜೆ ಅವನ ತಾಯಿ ಬಂದು, "ಟೀಚರ್, ದಯವಿಟ್ಟು ಯಾರಿಗೂ ಹೇಳಬೇಡಿ" ಎಂದು ಕೈ ಮುಗಿದರು. ಹೇಳುವುದಕ್ಕೇನು ಉಳಿದಿತ್ತು? ಇಡೀ ಶಾಲೆಗೆ ಗೊತ್ತಾಗಿತ್ತು. ಮರುದಿನದಿಂದ ಅವನ ಪಕ್ಕ ಯಾರೂ ಕೂರಲಿಲ್ಲ. ಒಂದು ತಿಂಗಳಲ್ಲಿ ಟಿ.ಸಿ. ತೆಗೆದುಕೊಂಡು ಹೋದ.

ನಿವೃತ್ತಳಾದ ಮೇಲೆ, ಆ ಪದ್ಯ ಬರೆದ ಎಡ್ವರ್ಡ್ ಲಿಯರ್‌ನ ಜೀವನಚರಿತ್ರೆ ಓದುವ ಪುರಸೊತ್ತು ಸಿಕ್ಕಿತು. ಅಷ್ಟು ವರ್ಷ ಪಾಠ ಮಾಡಿದ್ದರೂ ನನಗೆ ತಿಳಿದಿದ್ದು ಅವನ ಹೆಸರು ಮಾತ್ರ. ಓದುತ್ತಾ ಹೋದಂತೆ ಕಿಟಕಿ ಪಕ್ಕದ ಆ ಹುಡುಗ ಕಣ್ಣ ಮುಂದೆ ಬಂದು ನಿಂತ. ಯಾಕೆಂದು ಮುಂದೆ ಹೇಳುತ್ತೇನೆ.

ಅಕ್ಕನೇ ಅಮ್ಮ

ಲಿಯರ್ ಹುಟ್ಟಿದ್ದು 1812ರ ಮೇ 12ರಂದು, ಲಂಡನ್ನಿನ ಅಂಚಿನ ಹಾಲೊವೇ ಎಂಬಲ್ಲಿ. ತಂದೆ ಷೇರು ದಲ್ಲಾಳಿ. ಮನೆಯಲ್ಲಿ 21 ಮಕ್ಕಳು; ಅವರಲ್ಲಿ ಲಿಯರ್ 20ನೆಯವನು. ಹಲವು ಮಕ್ಕಳು ಎಳವೆಯಲ್ಲೇ ತೀರಿಕೊಂಡವು. ಲಿಯರ್‌ಗೆ ನಾಲ್ಕು ವರ್ಷವಾಗುವಾಗ ತಂದೆಯ ವ್ಯವಹಾರ ನೆಲ ಕಚ್ಚಿತು. ಸೋತು ಹೋಗಿದ್ದ ತಾಯಿ ಈ ಹುಡುಗನನ್ನು ಹಿರಿಯ ಮಗಳು ಆ್ಯನ್‌ಳ ಕೈಗೆ ಒಪ್ಪಿಸಿಬಿಟ್ಟಳು.

ಆ್ಯನ್ ತಮ್ಮನಿಗಿಂತ 21 ವರ್ಷ ದೊಡ್ಡವಳು. ಅವಳು ಮದುವೆಯಾಗಲಿಲ್ಲ, ತಮ್ಮನನ್ನೇ ಮಗನಂತೆ ಸಾಕಿದಳು. ಹುಡುಗನಿಗೆ ಉಬ್ಬಸವಿತ್ತು, ಕಣ್ಣು ಮಂಜಾಗಿತ್ತು. ಐದಾರು ವರ್ಷದವನಾಗಿದ್ದಾಗ ಮೂರ್ಛೆರೋಗವೂ ಶುರುವಾಯಿತು. ಆಗ ಅದಕ್ಕೆ ಕೆಲಸ ಮಾಡುವ ಔಷಧವೇ ಇರಲಿಲ್ಲ. ರೋಗಿಯನ್ನು ಕಂಡು ಜನ ಹೆದರುತ್ತಿದ್ದರು, ಹುಚ್ಚಿನ ಲಕ್ಷಣವೆಂದೂ ನಂಬುತ್ತಿದ್ದರು. ಆ್ಯನ್ ಅವನನ್ನು ಮನೆಯಲ್ಲೇ ಇಟ್ಟುಕೊಂಡು ಓದು ಬರಹ ಕಲಿಸಿದಳು. ಹೂವು, ಹಕ್ಕಿ, ಚಿಟ್ಟೆಗಳನ್ನು ನೋಡಿ ಬಿಡಿಸುವುದನ್ನು ಹೇಳಿಕೊಟ್ಟಳು. ಮುಂದೆ ಅವನಿಗೆ ಅನ್ನ ಕೊಟ್ಟಿದ್ದು ಈ ಕೊನೆಯ ಪಾಠವೇ.

ಹದಿನೈದು ಹದಿನಾರರ ವಯಸ್ಸಿಗೇ ಅವನು ಚಿತ್ರ ಬಿಡಿಸಿ ಸಂಪಾದನೆಗೆ ಇಳಿದ. ಅಕ್ಕ ತಮ್ಮ ಲಂಡನ್ನಿನಲ್ಲಿ ಒಂದು ಬಾಡಿಗೆ ಕೋಣೆ ಹಿಡಿದಿದ್ದರು. ಅಂಗಡಿಗಳಿಗೆ ಬೇಕಾದ ಚಿತ್ರ, ಆಸ್ಪತ್ರೆಗಳಿಗೆ ಬೇಕಾದ ರೋಗಗಳ ಚಿತ್ರ, ಸಿಕ್ಕಿದ್ದನ್ನೆಲ್ಲ ಬಿಡಿಸಿದ.

ಗಿಳಿಗಳ ನಡುವೆ

1830ರಲ್ಲಿ, 18 ತುಂಬಿದ ಈ ಹುಡುಗ ಒಂದು ಸಾಹಸಕ್ಕೆ ಕೈ ಹಾಕಿದ: ಗಿಳಿಗಳ ಬಗ್ಗೆ ಮಾತ್ರವೇ ಒಂದು ದೊಡ್ಡ ಚಿತ್ರ ಸಂಪುಟ. ಆಗಿನ ಬಹುಪಾಲು ಕಲಾವಿದರು ಹತ್ತಿ ತುಂಬಿದ ಸತ್ತ ಹಕ್ಕಿಗಳನ್ನು ಮುಂದಿಟ್ಟುಕೊಂಡು ಬರೆಯುತ್ತಿದ್ದರು. ಲಿಯರ್‌ಗೆ ಅದು ಹಿಡಿಸಲಿಲ್ಲ. ಲಂಡನ್ನಿನ ರೀಜೆಂಟ್ಸ್ ಪಾರ್ಕಿನ ಮೃಗಾಲಯಕ್ಕೆ ಹೋಗಿ ಗಿಳಿಗಳ ಮನೆಯಲ್ಲೇ ಕುಳಿತ. ಕಾವಲುಗಾರ ಹಕ್ಕಿಯನ್ನು ಹಿಡಿದುಕೊಂಡರೆ ಇವನು ಕೊಕ್ಕು, ರೆಕ್ಕೆ, ಬಾಲ ಅಳೆದು ಬರೆದುಕೊಳ್ಳುತ್ತಿದ್ದ. ಆಮೇಲೆ ಅಚ್ಚಿನ ಕಲ್ಲಿನ ಮೇಲೆ ತಾನೇ ಚಿತ್ರ ಮೂಡಿಸುತ್ತಿದ್ದ. ಅಚ್ಚಾದ ಹಾಳೆಗಳಿಗೆ ಕೈಯಿಂದಲೇ ಬಣ್ಣ ತುಂಬಬೇಕಿತ್ತು.

1832ರ ಹೊತ್ತಿಗೆ 42 ಚಿತ್ರಗಳು ಹೊರಬಂದವು. ಅಚ್ಚಾದ ಪ್ರತಿಗಳು 175 ಮಾತ್ರ. ಕೊಂಡವರು ಹಣ ಕೊಡಲು ತಡಮಾಡಿದ್ದರಿಂದ ಯೋಜನೆ ಅರ್ಧಕ್ಕೇ ನಿಂತಿತು. ಹಣ ಬರದಿದ್ದರೂ ಹೆಸರು ಬಂತು. ಆ ಚಿತ್ರಗಳಲ್ಲಿ ಗಿಳಿಗಳು ನಮ್ಮನ್ನು ಓರೆಗಣ್ಣಿನಿಂದ ನೋಡುತ್ತವೆ, ಪುಕ್ಕ ಕೆದರಿಕೊಂಡು ಕೂರುತ್ತವೆ. ಒಂದೊಂದಕ್ಕೂ ಒಂದೊಂದು ಸ್ವಭಾವವಿದೆ.

ಅವನು ಬರೆದ ನೀಲಿ ಮಕಾವ್ ಗಿಳಿಯೊಂದರ ಕಥೆ ಕೇಳಿ. ಎಲ್ಲರಿಗೂ ಗೊತ್ತಿದ್ದ ಒಂದು ಜಾತಿಯ ಹೆಸರಿನಲ್ಲೇ ಅದರ ಚಿತ್ರ ಅಚ್ಚಾಗಿತ್ತು. 1856ರಲ್ಲಿ ಬೊನಪಾರ್ಟ್ ಎಂಬ ಪಕ್ಷಿತಜ್ಞ ಅದು ಬೇರೆಯೇ ಜಾತಿಯೆಂದು ಗುರುತಿಸಿ, ಲಿಯರ್‌ನ ಹೆಸರನ್ನೇ ಅದಕ್ಕಿಟ್ಟ. ಆದರೆ ಕಾಡಿನಲ್ಲಿ ಅದು ಎಲ್ಲಿ ವಾಸಿಸುತ್ತದೆಂದು ನೂರಿಪ್ಪತ್ತು ವರ್ಷ ಯಾರಿಗೂ ತಿಳಿಯಲಿಲ್ಲ. ಕೊನೆಗೆ 1978ರಲ್ಲಿ ಬ್ರೆಜಿಲ್ ದೇಶದ ಬಾಹಿಯಾ ಪ್ರಾಂತ್ಯದಲ್ಲಿ ಹೆಲ್ಮುಟ್ ಸಿಕ್ ಎಂಬ ವಿಜ್ಞಾನಿ ಅದರ ನೆಲೆಯನ್ನು ಪತ್ತೆಹಚ್ಚಿದರು.

ಊಟ ಬಿಟ್ಟು ಓಡಿಬರುತ್ತಿದ್ದ ಮಕ್ಕಳು

ಗಿಳಿಗಳ ಚಿತ್ರ ನೋಡಿ ಮೆಚ್ಚಿದವರಲ್ಲಿ ಲಾರ್ಡ್ ಸ್ಟಾನ್ಲಿ ಒಬ್ಬರು. ಮುಂದೆ ಡರ್ಬಿಯ 13ನೇ ಅರ್ಲ್ ಆದವರು. ಲಿವರ್‌ಪೂಲ್ ಹತ್ತಿರದ ನೋಸ್ಲಿ ಹಾಲ್ ಎಂಬ ಬಂಗಲೆಯಲ್ಲಿ ಅವರದೇ ಸ್ವಂತ ಮೃಗಾಲಯವಿತ್ತು. ಅಲ್ಲಿನ ಪ್ರಾಣಿ ಪಕ್ಷಿಗಳ ಚಿತ್ರ ಬರೆಯಲು ಲಿಯರ್‌ನನ್ನು ಕರೆಸಿಕೊಂಡರು. ಕೆಲಸದವನಾದ್ದರಿಂದ ಅವನಿಗೆ ಊಟ ಕೆಳಗಿನ ಕೋಣೆಯಲ್ಲಿ. ಆದರೆ ಮನೆಯ ಮಕ್ಕಳು ಮೇಲಿನ ಮೇಜಿನಲ್ಲಿ ಗಬಗಬನೆ ತಿಂದು ಎಲ್ಲಿಗೋ ಮಾಯವಾಗುತ್ತಿದ್ದರು. ವಿಚಾರಿಸಿದರೆ, ಎಲ್ಲರೂ ಓಡುತ್ತಿದ್ದುದು ಲಿಯರ್‌ನ ಬಳಿಗೆ! ಆಮೇಲೆ ಯಜಮಾನರು ಅವನನ್ನೂ ಮೇಲಕ್ಕೇ ಊಟಕ್ಕೆ ಕರೆದರು.

ಆ ಮಕ್ಕಳಿಗಾಗಿ ಅವನು ಪುಟ್ಟ ಪುಟ್ಟ ಪದ್ಯ ಕಟ್ಟಿ, ಪಕ್ಕದಲ್ಲೇ ವಕ್ರವಕ್ರ ಚಿತ್ರ ಗೀಚಿ ಕೊಡುತ್ತಿದ್ದ. ನಾವು 'ತಲೆಬುಡವಿಲ್ಲದ್ದು' ಅನ್ನುತ್ತೇವಲ್ಲ, ಅಂಥ ಪದ್ಯಗಳು. ಗಡ್ಡದಲ್ಲಿ ಗೂಬೆ ಕೋಳಿಗಳು ಗೂಡು ಕಟ್ಟಿಕೊಂಡ ಮುದುಕ, ಹಕ್ಕಿಗಳು ಬಂದು ಕೂರುವಷ್ಟು ಉದ್ದ ಮೂಗಿನವರು, ಹೀಗೆ. ಇವತ್ತು ಈ ಬಗೆಯ ಐದು ಸಾಲಿನ ಪದ್ಯವನ್ನು ಲಿಮರಿಕ್ ಎನ್ನುತ್ತಾರೆ. ಈ ರೂಪ ಅವನಿಗಿಂತ ಮೊದಲೇ ಇತ್ತು. ಮನೆಮನೆಗೆ ಮುಟ್ಟಿಸಿದವನು ಅವನು.

1846ರಲ್ಲಿ ಇವು ಪುಸ್ತಕವಾದವು. ಗಂಭೀರ ಚಿತ್ರಕಾರನೆಂಬ ಹೆಸರಿಗೆ ಅಡ್ಡಿಯಾದೀತೆಂದೋ ಏನೋ, ತನ್ನ ಹೆಸರು ಹಾಕದೆ 'ಡೆರಿ ಡೌನ್ ಡೆರಿ' ಎಂಬ ಗುಪ್ತನಾಮ ಇಟ್ಟುಕೊಂಡ. 1861ರ ಹೊಸ ಆವೃತ್ತಿಯಲ್ಲಿ ನಿಜವಾದ ಹೆಸರು ಬಂದರೂ ಜನ ನಂಬಲಿಲ್ಲ. ಒಮ್ಮೆ ರೈಲಿನಲ್ಲಿ ಹೋಗುವಾಗ ಎದುರು ಕುಳಿತ ದೊಡ್ಡ ಮನುಷ್ಯರೊಬ್ಬರು, ಎಡ್ವರ್ಡ್ ಲಿಯರ್ ಎಂಬ ವ್ಯಕ್ತಿಯೇ ಇಲ್ಲ, ಇದನ್ನು ಬರೆದವರು ಡರ್ಬಿಯ ಅರ್ಲ್ ಎಡ್ವರ್ಡ್, 'ಅರ್ಲ್' ಎಂಬುದರ ಅಕ್ಷರಗಳನ್ನೇ ತಿರುಗಿಸಿ 'ಲಿಯರ್' ಮಾಡಿದ್ದಾರೆ ಎಂದು ವಾದಿಸಿದರಂತೆ. ನಮ್ಮ ಕವಿ ತಲೆಯ ಮೇಲಿನ ಟೋಪಿ ತೆಗೆದು, ಒಳಗೆ ಬರೆದಿದ್ದ ತನ್ನ ಹೆಸರನ್ನು ತೋರಿಸಿ, ತಾನು ಇರುವುದು ನಿಜವೆಂದು ಸಾಬೀತು ಮಾಡಬೇಕಾಯಿತು!

ಈ ಪದ್ಯಗಳನ್ನು ಈಗ ಮತ್ತೆ ಓದಿದಾಗ ನನ್ನ ಕಣ್ಣಿಗೆ ಒಂದು ಸಂಗತಿ ಬಿತ್ತು. ಇವುಗಳಲ್ಲಿ ಒಬ್ಬ ವಿಚಿತ್ರ ವ್ಯಕ್ತಿ ಇರುತ್ತಾನೆ. ಅವನ ಸುತ್ತ 'ಅವರು' ಇರುತ್ತಾರೆ. 'ಅವರು' ಯಾರೆಂದು ಕವಿ ಹೇಳುವುದಿಲ್ಲ. ಅವನು ಕುಣಿದರೆ ಸಾಕು, ಹಾಡಿದರೆ ಸಾಕು, 'ಅವರು' ಬಯ್ಯುತ್ತಾರೆ, ಕೆಲವೊಮ್ಮೆ ಹೊಡೆದೇಬಿಡುತ್ತಾರೆ. ಮಕ್ಕಳು ನಗುತ್ತಾರೆ. ಆದರೆ ನಗುವಾಗ ಅವರು ಯಾವಾಗಲೂ ಆ ವಿಚಿತ್ರ ಮನುಷ್ಯನ ಪಕ್ಷವೇ.

ರಾಣಿಗೆ ಗುರು, ಮತ್ತೆ ವಿದ್ಯಾರ್ಥಿ

ಗಿಳಿ ಚಿತ್ರಗಳ ಸೂಕ್ಷ್ಮ ಕೆಲಸ ಅವನ ಕಣ್ಣನ್ನು ಇನ್ನಷ್ಟು ಕೆಡಿಸಿತು. ಉಷ್ಟ್ರಪಕ್ಷಿಗಿಂತ ಚಿಕ್ಕ ಹಕ್ಕಿ ಇನ್ನು ತನ್ನ ಕಣ್ಣಿಗೆ ಕಾಣಲಿಕ್ಕಿಲ್ಲವೆಂದು 1836ರಲ್ಲಿ ಸ್ನೇಹಿತನಿಗೆ ಬರೆದ. ಇಂಗ್ಲೆಂಡಿನ ಚಳಿಯೂ ಎದೆಗೆ ಒಗ್ಗಲಿಲ್ಲ. 1837ರಲ್ಲಿ ಅರ್ಲ್ ಮತ್ತು ಅವರ ಬಂಧುವೊಬ್ಬರ ಹಣದ ನೆರವಿನಿಂದ ರೋಮ್ ನಗರಕ್ಕೆ ಹೋದ. ಹಕ್ಕಿಗಳನ್ನು ಬಿಟ್ಟು ಬೆಟ್ಟ, ಕಣಿವೆ, ಪಾಳುಗೋಡೆಗಳ ಚಿತ್ರಕ್ಕೆ ತೊಡಗಿದ. ಅಲ್ಲಿಂದ ಮುಂದೆ ಅವನದು ಅಲೆಮಾರಿ ಬದುಕು. ಇಟಲಿ, ಗ್ರೀಸ್, ಅಲ್ಬೇನಿಯಾ, ಈಜಿಪ್ಟ್, ಪ್ಯಾಲೆಸ್ಟೈನ್ ಎಲ್ಲೆಡೆ ಕಾಲ್ನಡಿಗೆಯಲ್ಲೋ ಕುದುರೆಯ ಮೇಲೋ ಸುತ್ತಿ ಸಾವಿರಾರು ಚಿತ್ರ ಬರೆದ.

ಇಟಲಿಯ ಚಿತ್ರಗಳ ಪುಸ್ತಕ ನೋಡಿ, 1846ರಲ್ಲಿ ವಿಕ್ಟೋರಿಯಾ ರಾಣಿ ತಮಗೆ ಚಿತ್ರಕಲೆಯ ಪಾಠ ಹೇಳಿಕೊಡಲು ಅವನನ್ನು ಕರೆಸಿದರು. ರಾಣಿ ತಮ್ಮ ಒಡವೆ ವಸ್ತುಗಳನ್ನು ತೋರಿಸಿದಾಗ, ಇಷ್ಟು ಚೆಂದದ್ದೆಲ್ಲ ಎಲ್ಲಿ ಸಿಕ್ಕಿತು ನಿಮಗೆ ಎಂದು ಇವನು ಮುಗ್ಧನಾಗಿ ಕೇಳಿದನೆಂದೂ, ಹಿರಿಯರಿಂದ ಬಂದದ್ದೆಂದು ರಾಣಿ ಉತ್ತರಿಸಿದರೆಂದೂ ಒಂದು ಕಥೆಯಿದೆ.

ರಾಣಿಗೇ ಪಾಠ ಹೇಳಿದವನು ತನ್ನ ವಿದ್ಯೆ ಸಾಲದೆಂದು ಕೊರಗುತ್ತಿದ್ದ. ಶಾಸ್ತ್ರೀಯವಾಗಿ ಕಲಿತವನಲ್ಲವಲ್ಲ. 1850ರಲ್ಲಿ, 37ನೇ ವಯಸ್ಸಿನಲ್ಲಿ, ಹುಡುಗರ ಜೊತೆ ಸಾಲಿನಲ್ಲಿ ಕುಳಿತು ಲಂಡನ್ನಿನ ರಾಯಲ್ ಅಕಾಡೆಮಿ ಶಾಲೆಗೆ ಸೇರಿದ. ಅಲ್ಲಿನ ಕಲಿಕೆಯನ್ನು ಪೂರೈಸಲಿಲ್ಲ. ಬದಲಿಗೆ ಹಾಲ್ಮನ್ ಹಂಟ್ ಎಂಬ ಚಿತ್ರಕಾರನ ಬಳಿ ತೈಲವರ್ಣ ಕಲಿತ. ಹಂಟ್ ಅವನಿಗಿಂತ 15 ವರ್ಷ ಚಿಕ್ಕವನು. ಆದರೂ ಲಿಯರ್ ಅವನನ್ನು 'ಡ್ಯಾಡಿ' ಎಂದೇ ಕರೆಯುತ್ತಿದ್ದ.

1861ರಲ್ಲಿ ಅಕ್ಕ ಆ್ಯನ್ ತೀರಿಕೊಂಡಳು. ಲಿಯರ್‌ಗೆ ಮದುವೆಯಾಗುವ ಆಸೆಯಿತ್ತು. ಗಸ್ಸಿ ಬೆಥೆಲ್ ಎಂಬಾಕೆಯ ಮೇಲೆ ಮನಸ್ಸಿತ್ತು. ಕೇಳಲು ಧೈರ್ಯ ಸಾಲಲಿಲ್ಲ. ಕೊನೆಯವರೆಗೂ ಒಂಟಿಯಾಗಿಯೇ ಉಳಿದ. ಇಂಥ ದಿನಗಳಲ್ಲೇ, 1867ರ ಡಿಸೆಂಬರಿನಲ್ಲಿ, ಫ್ರಾನ್ಸಿನ ಕಾನ್ ಪಟ್ಟಣದಲ್ಲಿ ಸ್ನೇಹಿತ ಸೈಮಂಡ್ಸ್‌ರ ಮನೆಗೆ ಹೋದ. ಅವರ ಪುಟ್ಟ ಮಗಳು ಜ್ಯಾನೆಟ್ ಕಾಯಿಲೆ ಬಿದ್ದು ಮಲಗಿದ್ದಳು. ಅವಳನ್ನು ನಗಿಸಲು ಬರೆದುಕೊಟ್ಟಿದ್ದೇ ಗೂಬೆ ಮತ್ತು ಬೆಕ್ಕಿನ ಮದುವೆಯ ಪದ್ಯ.

ಭಾರತಕ್ಕೆ ಬಂದ, ಬೆಂಗಳೂರಿಗೂ ಬಂದ

ಆಗಿನ ವೈಸ್‌ರಾಯ್ ಲಾರ್ಡ್ ನಾರ್ತ್‌ಬ್ರೂಕ್ ಲಿಯರ್‌ನ ಹಳೆಯ ಸ್ನೇಹಿತರು. ಅವರ ಆಹ್ವಾನದಂತೆ 1873ರ ನವೆಂಬರಿನಲ್ಲಿ ಮುಂಬಯಿಗೆ ಬಂದಿಳಿದಾಗ ಅವನಿಗೆ 61 ವರ್ಷ. ಜೊತೆಗಿದ್ದವನು ಜಾರ್ಜಿಯೊ ಕೊಕಾಲಿ. ಕಾರ್ಫು ದ್ವೀಪದ ಈ ಸೇವಕ 1856ರಿಂದ ಅವನ ನೆರಳಿನಂತಿದ್ದ; ಅವನಿಗೆ ಓದು ಬರಹ ಕಲಿಸಿದವನೂ ಲಿಯರ್.

ಇಲ್ಲಿನ ಬಣ್ಣ, ಬಟ್ಟೆ, ಮರಗಿಡ ಕಂಡು ಲಿಯರ್‌ಗೆ ಹುಚ್ಚು ಸಂತೋಷ. ಡಾರ್ಜಿಲಿಂಗಿನಲ್ಲಿ ಕಾಂಚನಜುಂಗಾ ಶಿಖರವನ್ನು ಬರೆದುಕೊಂಡ; ಮುಂದೆ ಅದನ್ನು ದೊಡ್ಡ ತೈಲಚಿತ್ರಗಳಾಗಿ ಮಾಡಿದ. ಲಖನೌ, ಕಾಶಿ, ದೆಹಲಿ, ಸಿಮ್ಲಾ, ಪುಣೆ, ಹೈದರಾಬಾದ್ ಸುತ್ತಿ 1874ರಲ್ಲಿ ನಮ್ಮ ಬೆಂಗಳೂರಿಗೂ ಬಂದ. ಅಲ್ಲಿಂದ ಮದರಾಸು, ಕಂಚಿ, ನೀಲಗಿರಿ, ಮಲಬಾರ್ ಕಡೆಗೆ ಹೋದ. ಸಿಲೋನಿನಲ್ಲಿ ಜಾರ್ಜಿಯೊ ರಕ್ತಭೇದಿಯಿಂದ ನೆಲ ಹಿಡಿದ. ಚೇತರಿಸಿಕೊಂಡ ಮೇಲೆ 1875ರ ಜನವರಿಯಲ್ಲಿ ಇಬ್ಬರೂ ಹಡಗು ಹತ್ತಿದರು. ಈ ಪ್ರವಾಸದಲ್ಲಿ ಬರೆದ ಚಿತ್ರಗಳು ಐನೂರಕ್ಕೂ ಹೆಚ್ಚು.

ನಮ್ಮ ಮಾತುಗಳೂ ಅವನ ಕಿವಿಗೆ ಬಿದ್ದವು. ಧೋಬಿ, ಪಂಖಾ, ಆಯಾ ಮುಂತಾದ ಪದಗಳನ್ನು ಬೇಕೆಂದೇ ತಪ್ಪು ಅರ್ಥದಲ್ಲಿ ಪೋಣಿಸಿ ಒಂದು ಪದ್ಯ ಬರೆದ. ಸೊಂಟಕ್ಕೆ ಕಟ್ಟುವ ಕಮ್ಮರ್‌ಬಂದ್ ಅದರಲ್ಲಿ ಮನುಷ್ಯರನ್ನು ನುಂಗುವ ಘೋರ ಮೃಗ! ಇಂಗ್ಲಿಷಿನವರು ಅದನ್ನು ಓದಿ ಗಡಗಡ ನಡುಗಬಹುದು. ನಾವು ಓದಿದರೆ ನಗು ತಡೆಯುವುದಿಲ್ಲ.

ಡೈರಿಯ ಅಡ್ಡಗೆರೆ

ಕೊನೆಗಾಲದಲ್ಲಿ ಲಿಯರ್ ನೆಲೆಸಿದ್ದು ಇಟಲಿಯ ಕಡಲತೀರದ ಸ್ಯಾನ್ ರೆಮೊದಲ್ಲಿ. ಅಲ್ಲಿ ಆಸೆಯಿಂದ ಮನೆ ಕಟ್ಟಿಕೊಂಡ. ಎದುರಿಗೆ ದೊಡ್ಡ ಹೋಟೆಲೊಂದು ಎದ್ದು, ಚಿತ್ರ ಬರೆಯಲು ಬೇಕಾದ ಬೆಳಕನ್ನು ಕೆಡಿಸಿತು. 1881ರಲ್ಲಿ ಬೇರೆ ಕಡೆ ಅದೇ ನಕ್ಷೆಯ ಇನ್ನೊಂದು ಮನೆಗೆ ಹೋದ. ತನ್ನ ಬೆಕ್ಕು ಫಾಸ್‌ಗೆ ದಾರಿ ತಪ್ಪಬಾರದೆಂದು ಹಾಗೆ ಕಟ್ಟಿಸಿದನಂತೆ. ಫಾಸ್‌ಗೆ ಮೋಟು ಬಾಲ, ಡೊಳ್ಳು ಹೊಟ್ಟೆ. ಲಿಯರ್ ಬರೆದ ತಮಾಷೆ ಚಿತ್ರಗಳಲ್ಲಿ ಅದರ ಸವಾರಿ ಮೇಲಿಂದ ಮೇಲೆ ಬರುತ್ತದೆ. 1883ರಲ್ಲಿ ಜಾರ್ಜಿಯೊ ತೀರಿಕೊಂಡ. 1887ರಲ್ಲಿ ಫಾಸ್ ಸತ್ತಿತು. ಅದನ್ನು ತೋಟದಲ್ಲೇ ಹೂಳಿದರು. 1888ರ ಜನವರಿ 29ರಂದು, 75ನೇ ವಯಸ್ಸಿನಲ್ಲಿ, ಲಿಯರ್ ಕಣ್ಣು ಮುಚ್ಚಿದ. ಅಂತ್ಯಕ್ರಿಯೆಗೆ ಬಂದವರು ಬೆರಳೆಣಿಕೆಯಷ್ಟು ಮಂದಿ. ಸ್ಯಾನ್ ರೆಮೊದಲ್ಲಿ ಅವನ ಸಮಾಧಿ ಕಲ್ಲಿನ ಪಕ್ಕದಲ್ಲೇ ಜಾರ್ಜಿಯೊನ ನೆನಪಿನ ಕಲ್ಲೂ ಇದೆ.

ಅವನು ಬಿಟ್ಟುಹೋದ 30 ಡೈರಿಗಳು ಈಗ ಅಮೆರಿಕದ ಹಾರ್ವರ್ಡ್ ವಿಶ್ವವಿದ್ಯಾಲಯದಲ್ಲಿವೆ. 1858ರಿಂದ ಕೊನೆಯವರೆಗಿನ ಆ ಪುಟಗಳಲ್ಲಿ ಅಲ್ಲಲ್ಲಿ ಒಂದು ಗುರುತು: ಒಂದರ ಮೇಲೊಂದು ಎಳೆದ ಎರಡು ಅಡ್ಡಗೆರೆ, ನಾವು ತಪ್ಪು ಉತ್ತರಕ್ಕೆ ಹಾಕುತ್ತೇವಲ್ಲ, ಹಾಗೆ. ಮೂರ್ಛೆ ಬಂದ ದಿನಗಳ ಲೆಕ್ಕ ಅದು. ರೋಗಕ್ಕೆ ಅವನು 'ದೆವ್ವ' ಎಂದು ಹೆಸರಿಟ್ಟಿದ್ದ. ಬರುವ ಸೂಚನೆ ಮೊದಲೇ ತಿಳಿಯುತ್ತಿದ್ದುದರಿಂದ ಮೆಲ್ಲಗೆ ಎದ್ದು ಕೋಣೆ ಸೇರಿಕೊಳ್ಳುತ್ತಿದ್ದ. ಹೀಗೆ ಎಪ್ಪತ್ತು ವರ್ಷ ಬಚ್ಚಿಟ್ಟ. ಜೀವದ ಗೆಳೆಯರಿಗೂ ಹೇಳಲಿಲ್ಲ. ಹೇಳಿದರೆ ತನ್ನಿಂದ ದೂರ ಸರಿಯುತ್ತಾರೆಂಬ ಭಯ ಅವನಿಗಿತ್ತು ಎಂದು ನನಗನ್ನಿಸುತ್ತದೆ.

ಇದನ್ನು ಓದಿದಾಗಲೇ ನನಗೆ ಕಿಟಕಿ ಪಕ್ಕದ ಹುಡುಗ ನೆನಪಾದದ್ದು. ಅವನು ಅಷ್ಟು ನಕ್ಕ ಪದ್ಯವನ್ನು ಬರೆದವನಿಗೂ ಅದೇ ಕಾಯಿಲೆ. ಈ ಮಾತು ಆಗ ನನಗೆ ಗೊತ್ತಿದ್ದರೆ ತರಗತಿಯಲ್ಲಿ ಹೇಳುತ್ತಿದ್ದೆ. ಅವನ ಪಕ್ಕದಲ್ಲಿ ಬಂದು ಕೂರಲು ಒಬ್ಬರಿಗಾದರೂ ಧೈರ್ಯ ಬರುತ್ತಿತ್ತೇನೋ.

ಲಿಯರ್‌ನ ಕಾಲದಲ್ಲಿ ಇಲ್ಲದಿದ್ದುದು ನಮ್ಮಲ್ಲಿದೆ. ಇಂದು ಬಹುಪಾಲು ಮಂದಿಗೆ ಮಾತ್ರೆಗಳಿಂದ ಫಿಟ್ಸ್ ಹತೋಟಿಗೆ ಬರುತ್ತದೆ. ಅದು ಅಂಟುರೋಗವಲ್ಲ, ಶಾಪವೂ ಅಲ್ಲ. ಯಾರಾದರೂ ಬಿದ್ದರೆ ಏನು ಮಾಡಬೇಕೆಂದು ನಾನು ತಡವಾಗಿ ಕಲಿತೆ: ಸುತ್ತಲಿನ ಗಟ್ಟಿ ವಸ್ತು ಸರಿಸಿ, ತಲೆಯ ಕೆಳಗೆ ಮೆತ್ತನೆಯದೇನಾದರೂ ಇಡಬೇಕು. ಒಂದು ಮಗ್ಗುಲಿಗೆ ಹೊರಳಿಸಬೇಕು. ಕೈಕಾಲು ಅದುಮಿ ಹಿಡಿಯಬಾರದು. ಬಾಯಿಗೆ ಚಮಚ, ನೀರು ಏನನ್ನೂ ಹಾಕಬಾರದು. ಗಡಿಯಾರ ನೋಡಬೇಕು, ಐದು ನಿಮಿಷ ದಾಟಿದರೆ 108ಕ್ಕೆ ಫೋನ್ ಮಾಡಬೇಕು. ಎಚ್ಚರವಾಗುವವರೆಗೆ ಪಕ್ಕದಲ್ಲೇ ಇರಬೇಕು. ಬೀಗದ ಕೈಯಿಂದ ಏನೂ ಆಗುವುದಿಲ್ಲ.

ನಮ್ಮ ಬೀದಿಯ ಮಕ್ಕಳು ಸಂಜೆ ಹೊತ್ತು ನನ್ನ ಬಳಿ ಓದಲು ಬರುತ್ತಾರೆ. ಈಗಲೂ ಆ ಪದ್ಯ ಹೇಳಿಕೊಡುತ್ತೇನೆ. ಮದುವೆ ಮುಗಿದು ಗೂಬೆ ಬೆಕ್ಕು ಕುಣಿದ ಮೇಲೆ, ಅದನ್ನು ಬರೆದವನ ಕಥೆಯನ್ನೂ ಹೇಳುತ್ತೇನೆ; ಡೈರಿಯ ಅಡ್ಡಗೆರೆಗಳನ್ನು ಬಿಡುವುದಿಲ್ಲ. ಕಳೆದ ವಾರ ಒಬ್ಬಳು ಪುಟ್ಟ ಹುಡುಗಿ ಕೇಳಿಸಿಕೊಂಡು, "ಅಜ್ಜಿ, ಅವರು ಹೇಳಿದ್ರೆ ನಾವೇನು ಬೈತಿದ್ವಾ?" ಎಂದಳು.